ಪರೇಲ್‌ನ ಕಾರ್ಮಿಕ ವಸತಿ: ಚಾಳು ಮತ್ತು ಅದರ ಅಂಗಳ



ಮುಂಬಯಿಯ ಪರೇಲ್, ಲಾಲ್‌ಬಾಗ್, ನಾಯಗಾಂವ್ ಪ್ರದೇಶವು 'ಗಿರಣಗಾಂವ್', ಅಂದರೆ ಗಿರಣಿಗಳ ಊರು ಎಂದು ಪ್ರಸಿದ್ಧವಾಗಿತ್ತು. ಅಲ್ಲಿ ಹತ್ತಿ ಗಿರಣಿಗಳ ಹೊಗೆಕೊಳವೆಗಳಷ್ಟೇ ಪ್ರಧಾನವಾಗಿ ಕಾಣುತ್ತಿದ್ದುದು ಕಾರ್ಮಿಕರ ಚಾಳು. ಕನ್ನಡ ನಾಡಿನ ವಠಾರವನ್ನು ಬಲ್ಲವರಿಗೆ ಚಾಳಿನ ಪರಿಚಯ ಕಷ್ಟವಲ್ಲ. ಒಂದೇ ಸೂರಿನಡಿ ಹಲವು ಬಿಡಾರಗಳು, ಎಲ್ಲರಿಗೂ ಸೇರಿದ ನಲ್ಲಿ, ಎಲ್ಲರಿಗೂ ಸೇರಿದ ಅಂಗಳ ಇವು ಎರಡರಲ್ಲಿಯೂ ಸಮಾನ.

ಕಾರ್ಮಿಕರ ವಸತಿಯತ್ತ ಸರ್ಕಾರದ ಗಮನವನ್ನು ಬಲವಾಗಿ ಸೆಳೆದದ್ದು 1896ರ ಪ್ಲೇಗ್ ಪಿಡುಗು. ಗಾಳಿ ಬೆಳಕುಗಳಿಲ್ಲದ ಇಕ್ಕಟ್ಟಾದ ಮನೆಗಳಲ್ಲಿ ರೋಗವು ತೀವ್ರವಾಗಿ ಹರಡಿತು. 1898ರಲ್ಲಿ ಮುಂಬಯಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಗೊಂಡು, ಹೊಸ ರಸ್ತೆಗಳೊಂದಿಗೆ ಚಾಳುಗಳನ್ನೂ ನಿರ್ಮಿಸಿತು. 1920ರಲ್ಲಿ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರ ಆಡಳಿತದಲ್ಲಿ ಅಭಿವೃದ್ಧಿ ಇಲಾಖೆಯು ಅಸ್ತಿತ್ವಕ್ಕೆ ಬಂದಿತು. ನಗರವನ್ನು ಪ್ರವೇಶಿಸುವ ಪ್ರತಿ ಹತ್ತಿ ಬೇಲಿನ ಮೇಲೆ 1 ರೂಪಾಯಿ ಸುಂಕ ವಿಧಿಸಿ ಕಾರ್ಮಿಕ ವಸತಿಗೆ ಹಣ ಒದಗಿಸಲಾಯಿತು. ವರಳಿ, ನಾಯಗಾಂವ್, ಡಿಲೈಲ್ ರಸ್ತೆ ಮತ್ತು ಶಿವಡಿಗಳಲ್ಲಿ ಒಟ್ಟು 207 ಕಟ್ಟಡಗಳು ಎದ್ದವು. ಇವೇ ಇಲಾಖೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಬಿ.ಡಿ.ಡಿ. ಚಾಳುಗಳೆಂದು ಹೆಸರಾದವು.

ಈ ಕಟ್ಟಡಗಳ ರಚನೆ ಅತ್ಯಂತ ಸರಳ. ನೆಲಮಹಡಿಯ ಮೇಲೆ ಮೂರು ಮಹಡಿಗಳು. ಪ್ರತಿ ಮಹಡಿಯ ನಡುವೆ ಉದ್ದನೆಯ ಓಣಿ. ಓಣಿಯ ಎರಡೂ ಬದಿಗೆ ಹತ್ತು ಹತ್ತು ಖೋಲಿಗಳು. ಮಹಡಿಗೆ ಸೇರಿದ ಸಾಮೂಹಿಕ ಶೌಚಾಲಯ. ಪ್ರತಿ ಖೋಲಿಯ ವಿಸ್ತೀರ್ಣ ಸುಮಾರು 160 ಚದರ ಅಡಿ. ಅಡುಗೆ, ಊಟ, ನಿದ್ರೆ, ಮಕ್ಕಳ ಓದು, ಬಾಣಂತನ ಎಲ್ಲವೂ ಅಷ್ಟರಲ್ಲಿಯೇ ನಡೆಯಬೇಕಾಗಿತ್ತು. ಗೋಡೆ, ಛಾವಣಿಗಳಿಗೆ ಉಕ್ಕು ಸೇರಿಸಿದ ಕಾಂಕ್ರೀಟನ್ನು ಬಳಸಲಾಯಿತು. ಖಾಸಗಿ ಚಾಳುಗಳ ವಿನ್ಯಾಸ ಇದಕ್ಕಿಂತ ಭಿನ್ನ. ಅವುಗಳಲ್ಲಿ ಖೋಲಿಗಳ ಮುಂದೆ ಮರದ ಕಟಕಟೆಯುಳ್ಳ ತೆರೆದ ಮೊಗಸಾಲೆಯಿರುತ್ತಿತ್ತು. ಹಲವೆಡೆ ಕಟ್ಟಡವೇ ನಾಲ್ಕು ಸುತ್ತಿನ ಗೋಡೆಯಾಗಿ, ನಡುವೆ ಅಂಗಳವನ್ನು ಒಳಗೊಳ್ಳುತ್ತಿತ್ತು.

ಖೋಲಿ ಕಿರಿದಾದುದರಿಂದ ಬದುಕು ಹೊರಗೆ ಹರಿಯಿತು. ಮೊಗಸಾಲೆಯಲ್ಲಿ ಧಾನ್ಯ ಒಣಗಿತು, ರಾತ್ರಿ ಪಾಳಿ ಮುಗಿಸಿ ಬಂದವರು ಅಲ್ಲಿಯೇ ಚಾಪೆ ಹಾಸಿದರು. ಅಂಗಳದಲ್ಲಿ ಗಣೇಶೋತ್ಸವ, ಭಜನೆ, ಲಾವಣಿ, ಮುಷ್ಕರದ ಸಭೆಗಳು ನಡೆದವು. ಊರಿನಲ್ಲಿ ಸಂಸಾರ ಬಿಟ್ಟು ಬಂದ ಕಾರ್ಮಿಕರಿಗೆ ಚಾಳಿನ ಹೆಂಗಸರು ನಡೆಸುತ್ತಿದ್ದ ಖಾನಾವಳಿಗಳೇ ಆಸರೆಯಾದವು. ಡಾ. ಬಿ.ಆರ್. ಅಂಬೇಡ್ಕರ್ ಅವರು ದಾದರ್‌ನ 'ರಾಜಗೃಹ'ಕ್ಕೆ ತೆರಳುವ ಮುನ್ನ ಪರೇಲ್‌ನ ಟ್ರಸ್ಟ್ ಚಾಳಿನ ಎರಡು ಖೋಲಿಗಳಲ್ಲಿ ದೀರ್ಘಕಾಲ ವಾಸವಾಗಿದ್ದರೆಂಬುದು ಇಲ್ಲಿ ಸ್ಮರಣೀಯ. ಬಹಿಷ್ಕೃತ ಹಿತಕಾರಿಣಿ ಸಭೆಯ ಸ್ಥಾಪನೆಗೆ ನಾಂದಿಯಾದ 1924ರ ಸಭೆ ಅದೇ ಪರಿಸರದ ದಾಮೋದರ ಸಭಾಗೃಹದಲ್ಲಿ ಜರುಗಿತು.

ಆದರೆ ಚಾಳಿನ ಬದುಕನ್ನು ಕೇವಲ ಸೊಗಸೆಂದು ವರ್ಣಿಸುವುದು ಉಚಿತವಲ್ಲ. ಬೆಳಗಿನ ಜಾವದ ಸಾಲು, ಕತ್ತಲೆಯ ಓಣಿ, ಏಕಾಂತವೇ ಇಲ್ಲದ ದಾಂಪತ್ಯ, ಸೋರುವ ಛಾವಣಿ ಇವುಗಳ ಕಷ್ಟವನ್ನು ಅನುಭವಿಸಿದವರೇ ಬಲ್ಲರು. 1982ರ ಜನವರಿಯಲ್ಲಿ ಆರಂಭವಾದ ಮಹಾ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ವೇತನ ನಿಂತಿತು, ಖೋಲಿ ಮಾತ್ರ ಉಳಿಯಿತು. ಅನೇಕ ಕುಟುಂಬಗಳಿಗೆ ನಗರದಲ್ಲಿ ನೆಲೆಯೆಂಬುದು ಅದೊಂದೇ ಆಗಿತ್ತು.

ಬಿ.ಡಿ.ಡಿ. ಚಾಳುಗಳ ಪುನರಭಿವೃದ್ಧಿ ಕಾರ್ಯವನ್ನು ಮಹಾರಾಷ್ಟ್ರ ವಸತಿ ಮತ್ತು ಕ್ಷೇತ್ರಾಭಿವೃದ್ಧಿ ಪ್ರಾಧಿಕಾರಕ್ಕೆ ವಹಿಸಲಾಗಿದೆ. 160 ಚದರ ಅಡಿಯ ಖೋಲಿಗೆ ಬದಲಾಗಿ 500 ಚದರ ಅಡಿಯ ಮನೆ ನೀಡುವುದು ಯೋಜನೆಯ ಉದ್ದೇಶ. 2025ರ ಆಗಸ್ಟ್‌ನಲ್ಲಿ ವರಳಿಯ 556 ಕುಟುಂಬಗಳಿಗೆ ಹೊಸ ಮನೆಗಳ ಬೀಗದ ಕೈಗಳನ್ನು ನೀಡಲಾಯಿತು. ಸ್ವಂತ ಶೌಚಾಲಯ, ಪ್ರತ್ಯೇಕ ಅಡುಗೆಮನೆ, ಬಾಗಿಲು ಮುಚ್ಚಬಹುದಾದ ಒಂದು ಕೋಣೆ ಇವು ನೂರು ವರ್ಷಗಳ ನಿರೀಕ್ಷೆಯ ಫಲ.

ಹಳೆಯ ಗೋಡೆಗಳು ಬೀಳುವುದು ಅನಿವಾರ್ಯ. ಆದರೆ ಆ ಇಕ್ಕಟ್ಟನ್ನು ಸಹ್ಯಗೊಳಿಸಿದ್ದು ಖೋಲಿಯಲ್ಲ, ಅದರ ಹೊರಗಿದ್ದ ಮೊಗಸಾಲೆ ಮತ್ತು ಅಂಗಳ ಎಂಬುದನ್ನು ಮರೆಯಲಾಗದು. ಎತ್ತರದ ಕಟ್ಟಡಗಳಲ್ಲಿ ವೃದ್ಧರು ಕುಳಿತುಕೊಳ್ಳಲು, ಮಕ್ಕಳು ಆಡಲು, ನೆರೆಹೊರೆಯವರು ಮಾತನಾಡಲು ಅಂತಹ ಎಡೆಯನ್ನು ಉಳಿಸಿಕೊಂಡಾಗಲೇ ಮನೆಯ ಜೊತೆಗೆ ವಠಾರವೂ ದೊರೆತಂತಾಗುತ್ತದೆ.