ಬೆನ್ನ ಹಿಂದೆ ನಿಂತ ಗುರು



ನಾನು ವೈದ್ಯನಲ್ಲ, ಬ್ಯಾಂಕಿನ ಗುಮಾಸ್ತ. ಆದರೂ ಶಸ್ತ್ರವೈದ್ಯರ ಶಿಕ್ಷಣವನ್ನು ಕುರಿತು ಎರಡು ಮಾತು ಅರಿಕೆ ಮಾಡುತ್ತೇನೆ.

ಅಮೆರಿಕದ ವಿವಿಯನ್ ಥಾಮಸ್ ಕಪ್ಪು ಜನಾಂಗದ ಬಡಗಿ. ವೈದ್ಯರಾಗಬೇಕೆಂದು ಕೂಡಿಟ್ಟ ಹಣ, ಇಟ್ಟಿದ್ದ ಬ್ಯಾಂಕು ಮುಳುಗಿದಾಗ ಹೋಯಿತು. 1930ರಲ್ಲಿ ಡಾ. ಬ್ಲೇಲಾಕ್ ಅವರ ಪ್ರಯೋಗಶಾಲೆಗೆ ಸೇರಿದ ಅವರಿಗೆ ಜವಾನನ ಸಂಬಳ.

ಕೆಲವು ಮಕ್ಕಳು ಹುಟ್ಟಿನ ಹೃದಯದೋಷದಿಂದ, ಶ್ವಾಸಕೋಶಕ್ಕೆ ಸಾಕಷ್ಟು ರಕ್ತ ಹರಿಯದೆ, ನೀಲಿಗಟ್ಟುತ್ತಾರೆ. ಆ ಹರಿವನ್ನು ಹೆಚ್ಚಿಸಲಾಗದೇ ಎಂದು ಮಕ್ಕಳ ವೈದ್ಯೆ ಹೆಲೆನ್ ಟಾಸಿಗ್ ಕೇಳಿದರು. ತೋಳಿನ ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಹೊಲಿಯುವ ವಿಧಾನವನ್ನು ಥಾಮಸ್ ನಾಯಿಗಳ ಮೇಲೆ ಮಾಡಿ ಮಾಡಿ ಕೈವಶ ಮಾಡಿಕೊಂಡರು. 1944ರ ನವೆಂಬರ್ 29ರಂದು, ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ, ಬ್ಲೇಲಾಕ್ ಮೊದಲ ಮಗುವಿಗೆ ಆ ಶಸ್ತ್ರಚಿಕಿತ್ಸೆ ಮಾಡಿದಾಗ, ಥಾಮಸ್ ಬೆನ್ನ ಹಿಂದೆ ಸ್ಟೂಲಿನ ಮೇಲೆ ನಿಂತು ಹೊಲಿಗೆಗಳನ್ನು ತಿದ್ದಿದರು. ಮುಂದೆ ಎಷ್ಟೋ ಶಸ್ತ್ರವೈದ್ಯರು ಅವರಿಂದ ಕೈಕೆಲಸ ಕಲಿತರು. ಗೌರವ ಡಾಕ್ಟರೇಟು ಬಂದದ್ದು 1976ರಲ್ಲಿ.

ಅಪರೂಪದ ರೋಗ ವಿದ್ಯಾರ್ಥಿಯ ಕಣ್ಣಿಗೆ ಬೀಳುವುದೇ ಅಪರೂಪ. ಮಗು ಮೇಜಿನ ಮೇಲೆ ಬರುವ ಮೊದಲೇ ಬಲ್ಲವರ ಮುಂದೆ ಕೈ ಪಳಗಿರಬೇಕು. ಖೋಟಾ ನೋಟನ್ನು ಬೆರಳಿನಿಂದಲೇ ಅರಿಯುವುದನ್ನು ನನಗೆ ಕಲಿಸಿದ್ದು ಬಿ.ಕಾಂ. ಅಲ್ಲ, ಪದವಿಯಿಲ್ಲದ ಹಿರಿಯ ಕ್ಯಾಶಿಯರು. ಅಂಥವರಿಗೆ ಗುರುವಿನ ಸ್ಥಾನ ತಡವಾಗದೆ ಸಲ್ಲಲಿ.