ಪಿಂಚಣಿ ಹೊಟ್ಟೆಗೆ, ಔಷಧಿಯ ಹಕ್ಕು ಬೇರೆ

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೈ ಕಳೆದುಕೊಂಡವನಿಗೆ ತಿಂಗಳು ತಿಂಗಳು ಹಣ ಬರುತ್ತದಲ್ಲ, ಇನ್ನೇನು ಬೇಕು ಎಂದು ಕೇಳುವ ಜನ ನಮ್ಮ ಊರಿನಲ್ಲೂ ಇದ್ದಾರೆ. ಆ ಹಣ ಎಷ್ಟು, ಅದರಲ್ಲಿ ಔಷಧಿ ಅಂಗಡಿಗೆ ಹೋಗುವುದೆಷ್ಟು ಎಂದು ಅವರು ಎಂದೂ ಲೆಕ್ಕ ಹಾಕಿದವರಲ್ಲ. ಆ ಲೆಕ್ಕವನ್ನು ಇವತ್ತು ನಾವೇ ಹಾಕೋಣ.

ತಿಂಗಳಿಗೆ 15,000 ರೂಪಾಯಿ ಸಂಬಳದ ಒಬ್ಬ ಗಿರಣಿ ಕಾರ್ಮಿಕ. ದಿನಕ್ಕೆ 500 ಎನ್ನಿ. ಯಂತ್ರಕ್ಕೆ ಸಿಕ್ಕಿ ಒಂದು ಕೈಯ ನಾಲ್ಕು ಬೆರಳು ಹೋದವು. ಇ.ಎಸ್.ಐ. ಕಾನೂನಿನ ಪಟ್ಟಿಯಲ್ಲಿ ಒಂದೊಂದು ಅಂಗಕ್ಕೂ ಒಂದೊಂದು ಅಂಕ ಇದೆ. ಹೆಬ್ಬೆರಳಿಗೆ 30, ಒಂದು ಕೈಯ ನಾಲ್ಕು ಬೆರಳಿಗೆ 50, ಇನ್ನೊಂದು ಕಣ್ಣು ಚೆನ್ನಾಗಿದ್ದು ಒಂದು ಕಣ್ಣು ಹೋದರೆ 40. ದೇಹವನ್ನು ಹೀಗೆ ತೂಕಕ್ಕೆ ಹಾಕುವುದು ಕೇಳಲು ಕಷ್ಟವೇ. ಆದರೂ ಈ ಅಂಕ ಗೊತ್ತಿಲ್ಲದವನು ಕೊಟ್ಟಷ್ಟು ತೆಗೆದುಕೊಂಡು ಬರುತ್ತಾನೆ. ಗಾಯ ವಾಸಿಯಾಗುವವರೆಗೆ ಸಿಗುವ ದರ ಕೂಲಿಯ ನೂರಕ್ಕೆ 90, ಅಂದರೆ ದಿನಕ್ಕೆ 450. ಆಮೇಲೆ ವೈದ್ಯಕೀಯ ಮಂಡಳಿ 50 ಎಂದು ಬರೆದರೆ ಅದರ ಅರ್ಧ, 225. ಮೂವತ್ತು ದಿನಕ್ಕೆ 6,750 ರೂಪಾಯಿ. ಇದು ಬದುಕಿರುವವರೆಗೂ ಬರುವ ಹಣ. ಕೆಲಸಕ್ಕೆ ಸೇರಿದ ಮೊದಲ ದಿನವೇ ಅಪಘಾತವಾದರೂ ಇದು ಸಲ್ಲುತ್ತದೆ. 2010ರ ತಿದ್ದುಪಡಿಯ ಮೇಲೆ, ಮನೆಯಿಂದ ಕೆಲಸಕ್ಕೆ ಬರುವ ಹೋಗುವ ದಾರಿಯಲ್ಲಿ ಆದ ಅಪಘಾತವೂ, ಕೆಲಸಕ್ಕೂ ಅದಕ್ಕೂ ಸಂಬಂಧವಿದ್ದರೆ, ಸೇರುತ್ತದೆ. ಮಂಡಳಿ ಕಡಿಮೆ ಅಂಕ ಹಾಕಿತೆಂದು ಕಂಡರೆ ಮೇಲ್ಮನವಿಗೆ ದಾರಿ ಇದೆ. ತಡಮಾಡಬಾರದು ಅಷ್ಟೆ.

ಈ 6,750ರಲ್ಲಿ ಮನೆ ಬಾಡಿಗೆ, ಅಕ್ಕಿ ಬೇಳೆ, ಮಕ್ಕಳ ಶಾಲೆ. ವಯಸ್ಸು ನಿಲ್ಲುವುದಿಲ್ಲ. ಅವನಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಹೆಂಡತಿಗೆ ರಕ್ತದೊತ್ತಡ. ಗಿರಣಿಯಲ್ಲಿದ್ದಾಗ ಇ.ಎಸ್.ಐ. ದವಾಖಾನೆಯಲ್ಲಿ ಸಿಗುತ್ತಿದ್ದ ಗುಳಿಗೆಯನ್ನು ಈಗ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುತ್ತಾರೆ. ಕೇಳಿದರೆ, "ಕೆಲಸ ಹೋಯಿತಲ್ಲಣ್ಣ, ಕಾರ್ಡೂ ಹೋಯಿತು" ಎನ್ನುತ್ತಾರೆ.

ಕಾರ್ಡು ಹೋಗಿಲ್ಲ! ನಾವು ಈ ಸಭೆ ಕರೆದದ್ದೇ ಈ ಮಾತು ಹೇಳಲು. ಕೆಲಸದ ಅಪಘಾತದಿಂದ ಶಾಶ್ವತವಾಗಿ ಅಂಗವಿಕಲನಾಗಿ, ಆ ಕಾರಣಕ್ಕೆ ಕೆಲಸ ಬಿಡಬೇಕಾಗಿ ಬಂದವನಿಗೆ ಇ.ಎಸ್.ಐ. ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ಅವನಿಗೂ ಅವನ ಹೆಂಡತಿಗೂ. ದುಡಿಯುವವಳು ಹೆಂಗಸಾದರೆ ಅವಳಿಗೂ ಅವಳ ಗಂಡನಿಗೂ. ಕೊಡಬೇಕಾದದ್ದು ತಿಂಗಳಿಗೆ 10 ರೂಪಾಯಿ, ಒಂದು ವರ್ಷದ್ದನ್ನು ಒಟ್ಟಿಗೆ ಮುಂಗಡವಾಗಿ, ಅಂದರೆ 120 ರೂಪಾಯಿ. 15,000 ಸಂಬಳದವನಿಂದ ನೂರಕ್ಕೆ ಮುಕ್ಕಾಲರಂತೆ ತಿಂಗಳಿಗೆ 112 ರೂಪಾಯಿ 50 ಪೈಸೆ ಹಿಡಿಯುತ್ತಿದ್ದರು, ಮಾಲೀಕನ ಪಾಲು ಬೇರೆ. ಆಗ ಒಂದು ತಿಂಗಳಿಗೆ ಹಿಡಿಯುತ್ತಿದ್ದ ದುಡ್ಡಿಗೆ ಇನ್ನೊಂದು ಏಳೆಂಟು ರೂಪಾಯಿ ಸೇರಿಸಿದರೆ ಈಗ ವರ್ಷವಿಡೀ ಚಿಕಿತ್ಸೆ.

1948ರ ಕಾಯ್ದೆ ಹೋಗಿ ಸಂಹಿತೆ ಬಂತಲ್ಲ, ಇದೂ ಹೋಯಿತೇ ಎಂದು ಯಾರಾದರೂ ಕೇಳಬಹುದು. 2020ರ ಸಾಮಾಜಿಕ ಸುರಕ್ಷಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಈ ಹಕ್ಕು ಅದರಲ್ಲಿಯೂ ಉಳಿದುಕೊಂಡಿದೆ.

ಒಂದು ಎಚ್ಚರಿಕೆ. ಲೆಕ್ಕ ಚುಕ್ತಾ ಮಾಡುವ ದಿನ ಗುಮಾಸ್ತೆ ಒಂದು ಕಾಗದ ಮುಂದಿಟ್ಟು, "ಸ್ವಂತ ಕಾರಣದಿಂದ ಬಿಡುತ್ತಿದ್ದೇನೆ ಅಂತ ಬರೆದುಬಿಡಿ, ದುಡ್ಡು ಬೇಗ ಆಗುತ್ತೆ" ಎನ್ನಬಹುದು. ಹಾಗೆ ಬರೆಯಬೇಡಿ. ಅಂಗವಿಕಲತೆಯಿಂದ ಕೆಲಸ ಬಿಟ್ಟವನಿಗೆ ಈ ಹಕ್ಕು. ಕಾಗದದಲ್ಲಿ ಅದೇ ಕಾರಣ ಇರಬೇಕು. ಅಪಘಾತದ ವರದಿಯ ನಕಲು, ಮಂಡಳಿಯ ನಿರ್ಣಯ, ವಿಮಾ ಸಂಖ್ಯೆ, ಇವು ಪೆಟ್ಟಿಗೆಯಲ್ಲಿ ಭದ್ರವಾಗಿರಲಿ.

ಇದರಲ್ಲಿ ಕೊರತೆ ಇಲ್ಲವೆಂದು ನಾವು ಹೇಳುವುದಿಲ್ಲ. ಮಕ್ಕಳಿಗೂ ಮುದಿ ತಾಯಿ ತಂದೆಗೂ ಈ 120 ರೂಪಾಯಿ ಅನ್ವಯಿಸುವುದಿಲ್ಲ. ಮೇಲಾಗಿ, ಕೈ ಸರಿ ಇದ್ದಿದ್ದರೆ ಅವನು ಯಾವತ್ತು ನಿವೃತ್ತನಾಗುತ್ತಿದ್ದನೋ ಆ ದಿನದವರೆಗೆ ಮಾತ್ರ ಈ ನಿಯಮ. ಕಾಯಿಲೆ ಹೆಚ್ಚುವ ವಯಸ್ಸಿಗೆ ಸರಿಯಾಗಿ ಬಾಗಿಲು ಮುಚ್ಚುವುದು ಯಾವ ನ್ಯಾಯ? ನಿಯಮ ಬರೆದವರಿಗೆ ಬೆರಳು ಮತ್ತೆ ಚಿಗುರುತ್ತದೆಂದು ಅನ್ನಿಸಿರಬೇಕು. ಇದನ್ನು ಬದಲಿಸಿ ಎಂದು ನಾವು ಬೇಡಿಕೆ ಇಡುತ್ತೇವೆ.

ಇನ್ನು ಪೇಟೆಯ ಬಂಧುಗಳ ಮಾತು. ತಳ್ಳುಗಾಡಿಯವನಿಗೆ, ಚಿಲ್ಲರೆ ಅಂಗಡಿಯವನಿಗೆ ಮಾಲೀಕನಿಲ್ಲ, ಆದ್ದರಿಂದ ಇ.ಎಸ್.ಐ. ಇಲ್ಲ. ಲಾರಿ ಹಾಯ್ದು ಕಾಲು ಹೋದರೆ ಅವನ ಪಾಲಿಗೆ ಉಳಿಯುವುದು ಅಂಗವಿಕಲರ ಮಾಸಾಶನ. ಅದರಲ್ಲಿ ಕೇಂದ್ರ ಸರ್ಕಾರದ ಪಾಲು 2012ರಲ್ಲಿ 200ರಿಂದ 300ಕ್ಕೆ ಏರಿದ್ದು ಅಲ್ಲಿಯೇ ಕುಳಿತಿದೆ, ಅದೂ ಬಡತನ ರೇಖೆಯ ಕೆಳಗಿನ, ನೂರಕ್ಕೆ 80ರ ಅಂಗವಿಕಲತೆಯವರಿಗೆ. ಉಳಿದದ್ದು ರಾಜ್ಯದ್ದು. ಆಸ್ಪತ್ರೆಗೆ ಸೇರುವ ಕಾಯಿಲೆಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಅದು ಒಳ್ಳೆಯದೇ. ಆದರೆ ಹಾಸಿಗೆ ಹಿಡಿದವನಿಗೆ ಅದು. ದಿನಾ ನುಂಗುವ ಗುಳಿಗೆಗೆ ಆ ಕಾರ್ಡಿನಿಂದ ಏನೂ ಬರುವುದಿಲ್ಲ. ಬಡವನ ಮಾಸಾಶನವನ್ನು ತಿನ್ನುವುದೇ ಆ ದಿನದ ಗುಳಿಗೆ. ಸದ್ಯಕ್ಕೆ ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯೂ ಜನೌಷಧಿ ಅಂಗಡಿಯೂ ಬಿಟ್ಟರೆ ಬೇರೆ ದಾರಿ ಇಲ್ಲ. ಗಿರಣಿಯವನಿಗೆ 120 ರೂಪಾಯಿಗೆ ದವಾಖಾನೆ ತೆರೆಯಬಹುದಾದರೆ ಅಂಗಡಿಯವನಿಗೆ ಏಕೆ ಆಗಬಾರದು? ಈ ಪ್ರಶ್ನೆಯನ್ನು ಇಬ್ಬರೂ ಸೇರಿ ಕೇಳಬೇಕು.

ಅಂಗವಿಕಲತೆಯ ಪರಿಹಾರ ಪಡೆಯುತ್ತ ಔಷಧಿಯನ್ನು ಕೊಂಡು ತರುತ್ತಿರುವ ಹಳೆಯ ಕಾರ್ಮಿಕರು ಪ್ರತಿ ಬೀದಿಯಲ್ಲೂ ಇದ್ದಾರೆ. ಇಂದು ರಾತ್ರಿ ಮನೆಗೆ ಹೋಗುವಾಗ ಅಂಥವರ ಬಾಗಿಲು ತಟ್ಟಿ. ಅರ್ಜಿ ಬರೆಯಲು ಬಾರದವರನ್ನು ಭಾನುವಾರ ಬೆಳಿಗ್ಗೆ ಇಲ್ಲಿಗೇ ಕರೆದುಕೊಂಡು ಬನ್ನಿ, ನಾವು ಬರೆದುಕೊಡುತ್ತೇವೆ. ವಿಮಾ ಸಂಖ್ಯೆಯ ಕಾಗದ ಮರೆಯದೆ ತರಲಿ.