ಕುಬಸಕ್ಕೂ ಮುಂಚಿನ ಮಿದುಳು



2024ರ ಡಿಸೆಂಬರಿನಲ್ಲಿ ಮದ್ರಾಸ್ ಐಐಟಿಯ ಸುಧಾ ಗೋಪಾಲಕೃಷ್ಣನ್ ಮಿದುಳು ಕೇಂದ್ರ ‘ಧರಣಿ’ ಎಂಬ ಚಿತ್ರಸಂಪುಟವನ್ನು ಹೊರತಂದಿತು. ಬಸಿರಿನ 14ರಿಂದ 24ನೇ ವಾರದೊಳಗೆ ತೀರಿಹೋದ 5 ಶಿಶುಗಳ ಮಿದುಳನ್ನು ಕೂದಲಿಗಿಂತ ತೆಳ್ಳಗಿನ ಪದರಗಳಾಗಿ ಕೊಯ್ದು, ಬಣ್ಣ ಹಿಡಿಸಿ, 5,132 ಪದರಗಳ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಮತ್ತೆ ಇಡಿಯಾಗಿ ಕೂಡಿಸಿದ್ದಾರೆ. ಒಂದೊಂದು ಜೀವಕೋಶವೂ ಕಾಣುತ್ತದೆ. ಯಾವ ದೇಶದವರಾದರೂ ಕಾಸು ಕೊಡದೆ ನೋಡಬಹುದು. ಆ ಶಿಶುಗಳ ತಾಯಂದಿರ ಋಣ ನಮ್ಮೆಲ್ಲರ ಮೇಲಿದೆ.

ಏನು ಕಾಣುತ್ತದೆ ಅಲ್ಲಿ? ಮಿದುಳಿನ ನಡುವೆ ನೀರು ತುಂಬಿದ ಕೋಣೆಗಳಿವೆ. ನರಕೋಶಗಳು ಹುಟ್ಟುವುದು ಆ ಕೋಣೆಗಳ ಗೋಡೆಯಲ್ಲಿ. ಅಲ್ಲಿಂದ ಎಳೆಗಳ ಆಸರೆ ಹಿಡಿದು ಹೊರಮೈಯತ್ತ ಏರುತ್ತವೆ. ಸವದತ್ತಿಯ ಗುಡ್ಡದ ಜಾತ್ರೆಗೆ ಮೊದಲು ಬಂದ ಚಕ್ಕಡಿಗಳು ಕೆಳಗೇ ಬಿಡಾರ ಹೂಡಿ, ತಡವಾಗಿ ಬಂದವು ಅವನ್ನು ದಾಟಿ ಮೇಲೆ ಹೋಗಿ ನಿಂತಂತೆ, ಮೊದಲು ಹುಟ್ಟಿದ ಕೋಶಗಳು ಒಳಪದರದಲ್ಲಿ ಉಳಿಯುತ್ತವೆ, ಆಮೇಲಿನವು ಅವುಗಳ ನಡುವೆಯೇ ನುಸುಳಿ ಮೇಲಿನ ಪದರ ಸೇರುತ್ತವೆ. ನಡುದಾರಿಯಲ್ಲಿ ಒಂದು ಗುಂಪು ನಿಂತುಬಿಟ್ಟರೆ ಮುಂದೆ ಫಿಟ್ಸ್, ಬುದ್ಧಿ ಬೆಳವಣಿಗೆಯ ತೊಂದರೆ ಬರಬಹುದು. ತಾಯಿಗೆ ಕೂಸಿನ ಮಿಸುಕಾಟ ತಿಳಿಯುವ ಮುಂಚೆಯೇ ಈ ಪಯಣ ಬಹಳಷ್ಟು ಸಾಗಿರುತ್ತದೆ. ನನಗಂತೂ ಇದಕ್ಕಿಂತ ದೊಡ್ಡ ಅಚ್ಚರಿ ಇಲ್ಲ.

ನಮ್ಮೂರು ಬೈಲಹೊಂಗಲದ ಸ್ಕ್ಯಾನಿಂಗ್ ಯಂತ್ರಕ್ಕೆ ಕೋಶ ಕಾಣುವುದಿಲ್ಲ. ಅದು ಶಬ್ದದ ಅಲೆ ಕಳಿಸಿ, ಮರಳಿ ಬಂದ ಅಲೆಯಿಂದ ಆಕಾರ ಬಿಡಿಸುತ್ತದೆ. ಆದರೆ ಆಕಾರವೇ ಎಷ್ಟೋ ಹೇಳುತ್ತದೆ. 1972ರಲ್ಲಿ ಬ್ರಿಟನ್ನಿನ ಸ್ಟುವರ್ಟ್ ಕ್ಯಾಂಪ್‌ಬೆಲ್ ತಲೆಬುರುಡೆ ಬೆಳೆಯದ ಶಿಶುವನ್ನು ಬಸಿರಿನಲ್ಲೇ ಗುರುತಿಸಿದ್ದರು. ಬೆನ್ನುಹುರಿ ಮುಚ್ಚದ ದೋಷದ ಗುರುತು ತಲೆಯಲ್ಲೇ ಸಿಗುತ್ತದೆಂದು 1986ರಲ್ಲಿ ಲಂಡನ್ನಿನ ನಿಕೊಲೈಡಿಸ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ನೀರಿನ ಕೋಣೆಯ ಅಗಲ 10 ಮಿಲಿಮೀಟರ್ ಮುಟ್ಟಿದರೆ ವೈದ್ಯರು ಎಚ್ಚರಾಗುತ್ತಾರೆ. 20ನೇ ವಾರದಲ್ಲಿ ಮಿದುಳಿನ ಮೇಲ್ಮೈ ಹೆಚ್ಚುಕಡಿಮೆ ನುಣುಪಾಗಿರುತ್ತದೆ, ಸುಕ್ಕುಗಳು ಮೂಡುವುದು ಆಮೇಲೆ. ಯಾವ ವಾರಕ್ಕೆ ಯಾವುದು ಸಹಜ ಎಂದು ತಿಳಿಯಲು ‘ಧರಣಿ’ಯಂಥ ಸಂಪುಟ ಬೇಕು.

ಮಿದುಳು, ಬೆನ್ನುಹುರಿಯಾಗುವ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28ನೇ ದಿನದ ಹೊತ್ತಿಗೆ. ಮುಟ್ಟು ನಿಂತದ್ದು ಆಗಷ್ಟೇ ಗೊತ್ತಾಗಿರುತ್ತದೆ. ಹಿಂದೆ ಈ ಕೊಳವೆ ಮುಚ್ಚದ ಕೂಸನ್ನು ಹೆತ್ತವರು ಬಸಿರಿಗೆ ಮುಂಚಿನಿಂದಲೇ ಫೋಲಿಕ್ ಆಸಿಡ್ ತಗೊಂಡರೆ ಅದು ಮರುಕಳಿಸುವುದು ಸುಮಾರು ಶೇ. 72ರಷ್ಟು ಇಳಿಯುತ್ತದೆಂದು 1991ರ ಬ್ರಿಟಿಷ್ ಅಧ್ಯಯನ ಹೇಳಿತು. ಹಾಗಾಗಿ ಎಲ್ಲ ಸೊಸೆಯಂದಿರಿಗೂ ಗುಳಿಗೆ ಸಿಗಬೇಕಾದ್ದು ಕೂಸು ಬೇಕೆಂದು ಯೋಚಿಸಿದಾಗಲೇ, ತಾಯಿ ಕಾರ್ಡ್ ಮಾಡಿಸಿದ ಮೇಲಲ್ಲ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಮನೆಗಳಲ್ಲಿ ಕೆಲವು ವಂಶದ ದೋಷಗಳ ಸಂಭವವೂ ಹೆಚ್ಚು. ಅದನ್ನು ವೈದ್ಯರೆದುರು ಮುಚ್ಚಿಡಬೇಡಿ.

ಸ್ಕ್ಯಾನಿಂಗಿನಲ್ಲಿ ಕೂಸು ಗಂಡೋ ಹೆಣ್ಣೋ ಎಂದು ಹೇಳುವುದು, ಕೇಳುವುದು 1994ರ ಕಾಯ್ದೆಯಂತೆ ಅಪರಾಧ, ಆಗಿರಲೇಬೇಕು. ಮಿದುಳು ನೋಡಿಸುವುದು ಅಪರಾಧವಲ್ಲ. 18ರಿಂದ 20ನೇ ವಾರದೊಳಗೆ ನೋಡಿಸಬೇಕು. ಏಳನೇ ತಿಂಗಳಲ್ಲಿ ಕುಬಸ ಮಾಡಿ ತವರಿಗೆ ಕಳಿಸಿ, ಅಲ್ಲಿ ಮೊದಲ ಸ್ಕ್ಯಾನ್ ಮಾಡಿಸಿದರೆ ಹೊತ್ತು ಮೀರಿರುತ್ತದೆ. ಶಿಶುವಿಗೆ ಗಂಭೀರ ದೋಷವಿದ್ದು 24 ವಾರ ದಾಟಿದ್ದರೆ, ಗರ್ಭ ಮುಂದುವರಿಸಲು ಮನಸ್ಸಿಲ್ಲದ ತಾಯಿ 2021ರ ತಿದ್ದುಪಡಿಯಂತೆ ವೈದ್ಯಕೀಯ ಮಂಡಳಿಯ ಒಪ್ಪಿಗೆ ಪಡೆಯಬೇಕು. ರಾಮದುರ್ಗದ ಹೆಣ್ಣುಮಗಳು ಅದಕ್ಕಾಗಿ ತುಂಬು ಬಸಿರಿನಲ್ಲಿ ಸುಮಾರು ನೂರು ಕಿಲೋಮೀಟರ್ ದೂರದ ಬೆಳಗಾವಿಗೆ, ಇಲ್ಲವೇ ಇನ್ನೂ ಆಚೆಗೆ ಅಲೆಯಬೇಕಾಗುತ್ತದೆ.